ತೆಗೆಯುವುದು ಮತ್ತು ತೆಗೆಸಿಕೊಳ್ಳುವುದು

ಹನ್ನೆರಡು ವರ್ಷ ಬಳಸಿದ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾವನ್ನು ಕೈಬಿಟ್ಟು, ಅರ್ಧ ಶತಮಾನದಷ್ಟು ಹಳೆಯದಾದ, ರೀಲು ಹಾಕುವ ರೇಂಜ್‌ಫೈಂಡರ್ ಕ್ಯಾಮೆರಾವೊಂದನ್ನು ಹೆಗಲಿಗೆ ಹಾಕಿಕೊಂಡು ತಿರುಗುತ್ತಿರುವ ನನ್ನನ್ನು ಕಂಡು ‘ಮೇಷ್ಟ್ರಿಗೆ ಅರವತ್ತಕ್ಕೆ ಅರಳು ಮರಳು’ ಎಂದವರು ಒಬ್ಬಿಬ್ಬರಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ಶಿಷ್ಯನೊಬ್ಬ ಫೋನು ಮಾಡಿ, ‘ಸಾರ್, ಕ್ಯಾಲ್ಕುಲೇಟರ್ ಎಸೆದು ಲಾಗರಿದಮ್ ಪುಸ್ತಕ ಹಿಡಿದ ಹಾಗಾಯಿತಲ್ಲ’ ಎಂದ. ನನ್ನ ಸೋದರಳಿಯ ‘ಮಾವ, ಇದೆಲ್ಲ ಹಳೆಯ ಕಾಲದ ಹಂಬಲ, ಸ್ವಲ್ಪ ದಿನಕ್ಕೆ ಇಳಿಯುತ್ತದೆ’ ಎಂದು ವೈದ್ಯನ ಧಾಟಿಯಲ್ಲಿ ಸಮಾಧಾನ ಹೇಳಿದ. ಅಣ್ಣನ ಸೊಸೆಯಂತೂ ನನ್ನ ಪತ್ನಿಯನ್ನು ಪಕ್ಕಕ್ಕೆ ಕರೆದು, ಪಿಂಚಣಿ ಸರಿಯಾಗಿ ಬರುತ್ತಿದೆ ತಾನೆ ಎಂದು ವಿಚಾರಿಸಿದಳಂತೆ!

ಎಲ್ಲರಿಗೂ ಬೇರೆ ಬೇರೆಯಾಗಿ ಉತ್ತರ ಹೇಳುವ ತಾಳ್ಮೆ ನನಗಿಲ್ಲ. ಒಟ್ಟಿಗೇ ಇಲ್ಲಿ ಹೇಳಿಬಿಡುತ್ತೇನೆ. ಉತ್ತರ ಎನ್ನುವುದಕ್ಕಿಂತ ಜಗಳ ಎಂದರೂ ಅಡ್ಡಿಯಿಲ್ಲ.

ಮೊದಲಿಗೆ ಹಳೆಯ ಕಾಲದ ಹಂಬಲದ ಮಾತು. ನನ್ನ ಬಾಲ್ಯದಲ್ಲಿ ನಮ್ಮ ಮನೆಯಲ್ಲಿ ಕ್ಯಾಮೆರಾ ಇರಲಿಲ್ಲ, ನಮ್ಮ ಬೀದಿಯಲ್ಲೂ ಇರಲಿಲ್ಲ. ಊರಿನ ಸ್ಟುಡಿಯೋದವರನ್ನು ಬಿಟ್ಟರೆ ಪೇಟೆಯ ಯಾರೋ ಶ್ರೀಮಂತರ ಬಳಿ ಒಂದು ಕ್ಲಿಕ್-ತ್ರೀ ಡಬ್ಬಿ ಇದ್ದಿರಬಹುದು. ರೇಂಜ್‌ಫೈಂಡರ್ ಎಂಬ ಪದವನ್ನು ನಾನು ಕೇಳಿದ್ದೇ ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ. ಇಲ್ಲದ ವಸ್ತುವಿನ ನೆನಪಿಗೆ ಹಂಬಲಿಸುವುದು ಹೇಗೆ? ಈಗ ನನ್ನ ಬಳಿ ಇರುವುದು ಯಾಶಿಕಾ ಎಲೆಕ್ಟ್ರೋ 35. ದೊಡ್ಡಪ್ಪನ ಮಗ ಕುವೈತಿನಿಂದ ತಂದು, ಎರಡು ವರ್ಷ ಬಳಸಿ, ಅಟ್ಟಕ್ಕೆ ಹಾಕಿದ್ದು. ಅವರ ಮನೆ ಕೆಡವುವಾಗ ಟ್ರಂಕಿನಲ್ಲಿ ಸಿಕ್ಕಿತು. ಒಳಗಿನ ಒಂದು ಪುಟ್ಟ ರಬ್ಬರ್ ಪ್ಯಾಡ್ ಪುಡಿಯಾಗಿತ್ತು. ಈ ಜಾತಿಯ ಕ್ಯಾಮೆರಾಗಳಿಗೆಲ್ಲ ವಯಸ್ಸಾದಾಗ ಬರುವ ಕಾಯಿಲೆ ಅದು, ನಮಗೆ ಮಂಡಿ ನೋವು ಬರುವ ಹಾಗೆ. ಬೆಂಗಳೂರಿನ ಒಬ್ಬ ಹಿರಿಯ ರಿಪೇರಿಯವರು ಸರಿ ಮಾಡಿಕೊಟ್ಟರು.

ಎರಡನೆಯದಾಗಿ, ಡಿಜಿಟಲ್ ಚಿತ್ರ ಕಳಪೆ ಎಂದು ನಾನು ಹೇಳುವುದಿಲ್ಲ. ವಿಜ್ಞಾನ ಪಾಠ ಮಾಡಿದವನು ಅಂಥ ಸುಳ್ಳು ಹೇಳಲಾರೆ. ಮಂದ ಬೆಳಕಿನಲ್ಲಿ, ಸೂಕ್ಷ್ಮ ವಿವರಗಳಲ್ಲಿ, ಬಣ್ಣದಲ್ಲಿ ನನ್ನ ಹಳೆಯ ಎಸ್‌ಎಲ್‌ಆರ್ ಈ ಯಾಶಿಕಾವನ್ನು ಯಾವತ್ತಾದರೂ ಸೋಲಿಸುತ್ತದೆ. ನನ್ನ ತಕರಾರು ಚಿತ್ರದ ಗುಣದ ಬಗ್ಗೆ ಅಲ್ಲ. ಚಿತ್ರ ತೆಗೆಯುವ ಆ ಗಳಿಗೆಯಲ್ಲಿ ಕ್ಯಾಮೆರಾದ ಈ ಕಡೆ ಇರುವವನಿಗೂ ಆ ಕಡೆ ಇರುವವನಿಗೂ ನಡುವೆ ಏನು ನಡೆಯುತ್ತದೆ ಎಂಬುದರ ಬಗ್ಗೆ.

ಅದಕ್ಕೆ ಮುಂಚೆ ಸ್ವಲ್ಪ ಪಾಠ. ಬೆಂಚಿನ ಮೇಲೆ ನಿಲ್ಲಿಸುವುದಿಲ್ಲ, ಕೇಳಿ. ನಿಮ್ಮ ಹೆಬ್ಬೆರಳನ್ನು ಮುಖದ ಮುಂದೆ ಚಾಚಿ, ಒಂದೊಂದೇ ಕಣ್ಣನ್ನು ಮುಚ್ಚಿ ತೆರೆಯಿರಿ. ಬೆರಳು ಗೋಡೆಯ ಮುಂದೆ ಅತ್ತಿತ್ತ ನೆಗೆಯುತ್ತದೆ. ಬೆರಳನ್ನು ಹತ್ತಿರ ತಂದಷ್ಟೂ ನೆಗೆತ ದೊಡ್ಡದು, ದೂರ ಒಯ್ದಷ್ಟೂ ಚಿಕ್ಕದು. ತ್ರಿಕೋನದ ಒಂದು ಬಾಹು, ಅದರ ಮೇಲಿನ ಕೋನಗಳು ತಿಳಿದರೆ ಶೃಂಗದ ದೂರ ತಿಳಿಯುತ್ತದೆ ಎಂದು ಭೂಮಾಪನದವರು ಬಳಸುವ ಲೆಕ್ಕವೇ ಇದು. ರೇಂಜ್‌ಫೈಂಡರ್ ಕ್ಯಾಮೆರಾದ ನೆತ್ತಿಯಲ್ಲಿ ಕೆಲವು ಸೆಂಟಿಮೀಟರ್ ಅಂತರದಲ್ಲಿ ಎರಡು ಕಿಂಡಿಗಳಿರುತ್ತವೆ, ಎರಡು ಕಣ್ಣುಗಳ ಹಾಗೆ. ಒಂದರ ಮೂಲಕ ನೀವು ನೇರವಾಗಿ ಲೋಕವನ್ನು ನೋಡುತ್ತೀರಿ. ಇನ್ನೊಂದು ಕಿಂಡಿಯ ಬಿಂಬ ಒಳಗಿನ ಕನ್ನಡಿಯಿಂದ ತಿರುಗಿ ಬಂದು ನಡುವೆ ಒಂದು ಹಳದಿ ಚುಕ್ಕೆಯಾಗಿ ಕಾಣುತ್ತದೆ. ಎದುರಿಗಿರುವವರ ಮೂಗು ಎರಡಾಗಿ ಕಂಡರೆ ದೂರ ಹೊಂದಿಲ್ಲ ಎಂದರ್ಥ. ಲೆನ್ಸಿನ ಬಳೆಯನ್ನು ತಿರುಗಿಸುತ್ತ ಹೋದಂತೆ ಎರಡು ಮೂಗುಗಳೂ ಹತ್ತಿರ ಬಂದು ಒಂದಾಗುತ್ತವೆ. ಅಷ್ಟೆ. ಮೋಟಾರಿಲ್ಲ, ಲೆಕ್ಕ ಹಾಕುವ ಚಿಪ್ಪಿಲ್ಲ. ಒಂಬತ್ತನೆಯ ತರಗತಿಯ ರೇಖಾಗಣಿತ ಸಾಕು.

ಎಸ್‌ಎಲ್‌ಆರ್ ಹಾಗಲ್ಲ. ಅಲ್ಲಿ ಲೆನ್ಸಿನೊಳಗಿಂದ ಬಂದ ಬೆಳಕು ನಲವತ್ತೈದು ಡಿಗ್ರಿಯಲ್ಲಿ ಓರೆಯಾಗಿ ನಿಂತ ಕನ್ನಡಿಗೆ ಬಡಿದು, ಮೇಲಿನ ಪ್ರಿಸಮ್ಮಿನಲ್ಲಿ ಹೊರಳಿ ಕಣ್ಣಿಗೆ ಬರುತ್ತದೆ. ಗುಂಡಿ ಒತ್ತಿದ ಕೂಡಲೇ ಕನ್ನಡಿ ‘ಟಪ್’ ಎಂದು ಮೇಲಕ್ಕೆ ಮಡಚಿಕೊಂಡು ಬೆಳಕಿಗೆ ಸೆನ್ಸರಿನ ದಾರಿ ಬಿಡುತ್ತದೆ. ಆ ಹೊತ್ತಿನಲ್ಲಿ ಕಿಂಡಿ ಕತ್ತಲು. ಗಮನಿಸಿ, ಚಿತ್ರದಲ್ಲಿ ಯಾವ ಗಳಿಗೆ ಉಳಿಯಿತೋ ಆ ಗಳಿಗೆಯನ್ನು ಮಾತ್ರ ತೆಗೆದವನು ಕಂಡಿಲ್ಲ! ಅದಕ್ಕೇ ಕೂಡಲೇ ಕತ್ತು ಬಗ್ಗಿಸಿ ಹಿಂದಿನ ಪರದೆಯನ್ನು ನೋಡುತ್ತಾನೆ. ಎದುರಿಗೆ ಕುಳಿತ ಅಜ್ಜಿ ಇನ್ನೂ ಅದೇ ಭಂಗಿಯಲ್ಲಿ, ಮುಗಿಯಿತೋ ಇಲ್ಲವೋ ತಿಳಿಯದೆ ಅವನ ನೆತ್ತಿಯನ್ನು ನೋಡುತ್ತ ಕುಳಿತಿರುತ್ತಾಳೆ.

ರೇಂಜ್‌ಫೈಂಡರಿನ ಕಿಂಡಿ ಯಾವಾಗಲೂ ತೆರೆದೇ ಇರುತ್ತದೆ. ಅದರೊಳಗೆ ಚಿತ್ರದ ಎಲ್ಲೆಯನ್ನು ತೋರಿಸುವ ಬೆಳ್ಳನೆಯ ಗೆರೆಗಳಿದ್ದು, ಆ ಗೆರೆಗಳ ಆಚೆಗೂ ಕಾಣುತ್ತದೆ. ಅಂಗಳಕ್ಕೆ ಯಾರು ಬರುತ್ತಿದ್ದಾರೆ, ಯಾವ ಮಗು ಓಡಿಬಂದು ಅಜ್ಜಿಯ ತೊಡೆ ಏರಲಿದೆ, ಎಲ್ಲವೂ. ಕಿಂಡಿ ಕ್ಯಾಮೆರಾದ ಒಂದು ಮೂಲೆಯಲ್ಲಿರುವುದರಿಂದ ತೆಗೆಯುವವನ ಅರ್ಧ ಮುಖವೂ ಹೊರಗೇ ಇರುತ್ತದೆ. ಎಸ್‌ಎಲ್‌ಆರಿನ ಹಿಂದೆ ಮನುಷ್ಯ ಪೂರ್ತಿ ಮುಚ್ಚಿಹೋಗುತ್ತಾನೆ, ಅದರಲ್ಲೂ ಮುಂದಕ್ಕೆ ಚಾಚಿದ ಜೂಮ್ ಲೆನ್ಸು ಇದ್ದರೆ.

ಇಷ್ಟು ಒಳ್ಳೆಯದಾಗಿದ್ದರೆ ಲೋಕವೇಕೆ ಇದನ್ನು ಬಿಟ್ಟಿತು ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ. 1932ರಲ್ಲಿ ಲೈಕಾ ಮತ್ತು ಕಾಂಟ್ಯಾಕ್ಸ್ ಕ್ಯಾಮೆರಾಗಳಲ್ಲಿ ರೇಂಜ್‌ಫೈಂಡರ್ ಲೆನ್ಸಿನೊಂದಿಗೆ ಜೋಡಿಯಾಗಿ ಬಂತು. 1954ರ ಲೈಕಾ ಎಂ3ಯಲ್ಲಿ ಅದು ಪರಾಕಾಷ್ಠೆ ಮುಟ್ಟಿತು. ಐದೇ ವರ್ಷ, 1959ರಲ್ಲಿ ನಿಕಾನ್ ಎಫ್ ಬಂದು ಎಸ್‌ಎಲ್‌ಆರ್ ಯುಗ ಶುರುವಾಯಿತು. ಸ್ವತಃ ಸೊಗಸಾದ ರೇಂಜ್‌ಫೈಂಡರುಗಳನ್ನು ಮಾಡುತ್ತಿದ್ದ ಕಂಪನಿಯೇ ಆ ದಾರಿ ಬಿಟ್ಟು ಈ ದಾರಿಗೆ ಬಂತೆಂದರೆ ಕಾರಣವಿರಲೇಬೇಕು. ಇದೆ. ದೂರದ ವಸ್ತುವಿಗೆ ರೇಂಜ್‌ಫೈಂಡರ್ ನಿಷ್ಪ್ರಯೋಜಕ. ನೂರ ಮೂವತ್ತೈದು ಮಿಲಿಮೀಟರ್ ಲೆನ್ಸಿನಾಚೆ ಅದರ ತ್ರಿಕೋನ ಕೈಕೊಡುತ್ತದೆ. ತೀರ ಹತ್ತಿರಕ್ಕೂ ಆಗದು. ನನ್ನ ಯಾಶಿಕಾ ಎಂಬತ್ತು ಸೆಂಟಿಮೀಟರಿಗಿಂತ ಈಚೆ ಬಂದದ್ದನ್ನು ಗುರುತಿಸುವುದಿಲ್ಲ, ದಾಸವಾಳದ ಕೇಸರ ಅದಕ್ಕೆ ಕಾಣದು. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಕಾಡುಗಳಲ್ಲಿ ಹಕ್ಕಿಗಳ ಬೆನ್ನು ಹತ್ತಿ ತೆಗೆದಂಥ ಚಿತ್ರಗಳನ್ನು ರೇಂಜ್‌ಫೈಂಡರ್ ಹಿಡಿದು ತೆಗೆಯುತ್ತೇನೆಂದು ಹೊರಟರೆ ಬರೀ ಕೊಂಬೆಗಳು ಸಿಕ್ಕಾವು. ನನ್ನ ಎಸ್‌ಎಲ್‌ಆರ್ ಈಗ ಅಣ್ಣನ ಮೊಮ್ಮಗನ ಬಳಿ ಇದೆ. ಅವನು ಮಿಂಚುಳ್ಳಿಯ ಹಿಂದೆ ಬಿದ್ದಿದ್ದಾನೆ. ಕ್ಯಾಮೆರಾ ಸರಿಯಾದ ಕೈಗೇ ಸೇರಿತು.

ಹಕ್ಕಿಗೆ ಮರೆಯಲ್ಲಿ ನಿಂತು ದೂರದಿಂದ ಗುರಿ ಹಿಡಿಯಬೇಕು, ಒಪ್ಪಿದೆ. ಮನುಷ್ಯರಿಗೂ ಹಾಗೆಯೇ ಮಾಡುತ್ತಿದ್ದೇವಲ್ಲ, ನನ್ನ ಜಗಳ ಅಲ್ಲಿದೆ.

ನಮ್ಮ ಭಾಷೆಯಲ್ಲಿ ಒಂದು ಅಂದವಾದ ಕ್ರಿಯಾಪದವಿದೆ: ಫೋಟೋ ‘ತೆಗೆಸಿಕೊಳ್ಳುವುದು’. ವ್ಯಾಕರಣ ಮರೆತಿರದಿದ್ದರೆ ಹೇಳಿ, ಈ ವಾಕ್ಯದಲ್ಲಿ ಕರ್ತೃ ಯಾರು? ಕ್ಯಾಮೆರಾ ಹಿಡಿದವನಲ್ಲ, ಅದರ ಮುಂದೆ ಕುಳಿತವನು. ‘ಅಂಗಿ ಹೊಲಿಸಿಕೊಂಡೆ’, ‘ಕ್ಷೌರ ಮಾಡಿಸಿಕೊಂಡೆ’ ಎಂಬಂತೆಯೇ ‘ಫೋಟೋ ತೆಗೆಸಿಕೊಂಡೆ’. ತೆಗೆದವನು ನಿಮಿತ್ತ ಮಾತ್ರ. ಸಂತೆಯ ದಿನ ಪೇಟೆಗೆ ಬಂದ ಹೊಸ ದಂಪತಿಗಳು ಸ್ಟುಡಿಯೋ ಮೆಟ್ಟಿಲು ಹತ್ತುತ್ತಿದ್ದರು. ಗೋಡೆಯ ಕನ್ನಡಿಯ ಪಕ್ಕದಲ್ಲಿ ಬಾಚಣಿಗೆ, ಪೌಡರ್ ಡಬ್ಬಿ. ಹಿಂದೆ ಬಣ್ಣ ಬಳಿದ ಪರದೆ, ಸ್ಟೂಲಿನ ಮೇಲೆ ಪ್ಲಾಸ್ಟಿಕ್ ಹೂವು. ‘ರೆಡಿ’ ಎನ್ನುವವರೆಗೆ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಆ ಚಿತ್ರಗಳಲ್ಲಿ ಯಾರೂ ನಗುತ್ತಿಲ್ಲ, ನಿಜ. ಆದರೆ ಎಲ್ಲರೂ ನಮ್ಮನ್ನು ನೋಡುತ್ತಿದ್ದಾರೆ. ನಾವು ಹೀಗೆ ಉಳಿಯಬೇಕು ಎಂದು ತಾವೇ ನಿರ್ಧರಿಸಿ ಕುಳಿತವರು ಅವರು.

ಈಗ ಆ ಕ್ರಿಯಾಪದ ಸಾಯುತ್ತಿದೆ. ಬೇಲೂರಿನ ತೇರಿನ ದಿನ ಒಮ್ಮೆ ಗಮನಿಸಿ ನೋಡಿ. ರಸ್ತೆಯ ಈಚೆ ಬದಿಯಲ್ಲಿ ಮೊಳದುದ್ದದ ಲೆನ್ಸು ಹಿಡಿದ ನಾಲ್ಕಾರು ಯುವಕರು, ಆಚೆ ಬದಿಯಲ್ಲಿ ಬಾಳೆಹಣ್ಣು, ಜವನ ಮಾರುವ ಮುದುಕಿ. ಅವಳ ಸುಕ್ಕುಗಳು ಇವರಿಗೆ ಬೇಕು, ಅವಳು ಬೇಡ. ಆಕೆ ಯಾಕೋ ತಲೆ ಎತ್ತಿ, ತನ್ನತ್ತ ತಿರುಗಿದ ಕೊಳವೆಯನ್ನು ಕಂಡು ಸೆರಗು ಮುಂದೆಳೆದುಕೊಂಡಳೆಂದರೆ, ಆ ಸೆರಗೆಳೆಯುವುದನ್ನೂ ಸೆಕೆಂಡಿಗೆ ಐದಾರರಂತೆ ಹೊಡೆದುಕೊಂಡು ಹೊರಟುಹೋಗುತ್ತಾರೆ. ಇದಕ್ಕೆ ‘ಕ್ಯಾಂಡಿಡ್’ ಎಂದು ಹೆಸರು. ಆ ಪದಕ್ಕೆ ಮುಚ್ಚುಮರೆಯಿಲ್ಲದ್ದು ಎಂದು ನಿಘಂಟಿನಲ್ಲಿ ಅರ್ಥ. ಮರೆಯಲ್ಲಿ ನಿಂತು ತೆಗೆದದ್ದಕ್ಕೆ ಆ ಹೆಸರು ಹೇಗೆ ಬಂತೋ, ಇಂಗ್ಲಿಷ್ ಪಾಠ ಮಾಡಿದ ನನ್ನ ಸಹೋದ್ಯೋಗಿಗಳೇ ಹೇಳಬೇಕು.

ನಮ್ಮ ಮದುವೆಗಳ ಕಥೆ ನಿಮಗೆ ಗೊತ್ತೇ ಇದೆ, ವಿವರಿಸುವುದಿಲ್ಲ. ಅಂತರಪಟ ಸರಿಯುವ ಹೊತ್ತಿಗೆ ಅದರ ಬದಲು ಆರು ಬೆನ್ನುಗಳ ಇನ್ನೊಂದು ಪಟ ಎದ್ದುನಿಂತಿರುತ್ತದೆ. ಅಕ್ಷತೆ ಬೀಳುವುದು ಛಾಯಾಗ್ರಾಹಕರ ತಲೆಯ ಮೇಲೆ. ಒಂದು ಮದುವೆಯಲ್ಲಂತೂ ಚಿತ್ರ ಸರಿಬರಲಿಲ್ಲವೆಂದು ಮಾಂಗಲ್ಯದ ಕೈಯನ್ನು ಮತ್ತೆ ಕೊರಳಿಗೆ ಒಯ್ಯಿಸಿ, ಗಟ್ಟಿಮೇಳವನ್ನು ಎರಡನೆಯ ಬಾರಿ ಬಾರಿಸಿದರು. ಪುರೋಹಿತರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

ಆದರೆ ಇವೆಲ್ಲಕ್ಕಿಂತ ನನ್ನನ್ನು ಕೆಣಕಿದ್ದು ಬೇರೆಯೇ ಒಂದು ಸಂಗತಿ. ನಮ್ಮ ಶಾಲೆಯಲ್ಲಿ ಮೂವತ್ತೊಂದು ವರ್ಷ ಗಂಟೆ ಹೊಡೆದವರನ್ನು ನೀವೆಲ್ಲ ಬಲ್ಲಿರಿ. ಹೆಸರು ಬರೆಯುವುದಿಲ್ಲ, ಮನೆಯವರಿಗೆ ಸಂಕೋಚವಾದೀತು. 2011ರಲ್ಲಿ ಅವರ ನಿವೃತ್ತಿಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಸಮಾರಂಭಕ್ಕೆಂದು ಪೇಟೆಯಿಂದ ಒಬ್ಬ ಛಾಯಾಗ್ರಾಹಕ ಬಂದಿದ್ದ. ಒಳ್ಳೆಯ ಎಸ್‌ಎಲ್‌ಆರ್, ಒಳ್ಳೆಯ ಲೆನ್ಸು. ಒಂದು ಸೀಡಿ ಕೊಟ್ಟುಹೋದ, ಅದರಲ್ಲಿ ಆರುನೂರಕ್ಕೂ ಹೆಚ್ಚು ಚಿತ್ರಗಳು. 2019ರಲ್ಲಿ ಅವರು ತೀರಿಕೊಂಡರು. ಮಗ ನಮ್ಮ ಮನೆಗೆ ಬಂದು, ‘ಸಾರ್, ಅಪ್ಪನದೊಂದು ಒಳ್ಳೆ ಫೋಟೋ ಬೇಕು, ಹನ್ನೊಂದನೇ ದಿನಕ್ಕೆ ಕಟ್ಟು ಹಾಕಿಸಬೇಕು’ ಎಂದ. ಇಬ್ಬರೂ ಕೂತು ಆ ಸೀಡಿಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆವು.

ಶಾಲು ಹೊದಿಸುವ ಚಿತ್ರದಲ್ಲಿ ಅವರ ತಲೆ ಬಗ್ಗಿದೆ, ಹೊದಿಸಿದವರ ಮುಖ ಚೆನ್ನಾಗಿ ಬಂದಿದೆ. ಹಾರದ ಚಿತ್ರದಲ್ಲಿ ಗಲ್ಲ ಬಾಯಿ ಮುಚ್ಚಿದೆ. ಸಭೆಯ ಹಿಂದಿನ ಸಾಲಿನಿಂದ ಜೂಮ್ ಎಳೆದು, ಅವರು ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಳ್ಳುವುದನ್ನು ತೆಗೆದ ಹದಿನಾಲ್ಕು ಚಿತ್ರಗಳಿದ್ದವು, ಒಂದರ ಹಿಂದೆ ಒಂದು, ರೆಪ್ಪೆ ಬಡಿಯುವಷ್ಟೇ ಅಂತರದಲ್ಲಿ. ಹಿನ್ನೆಲೆ ಮಂಜಿನಂತೆ ಕರಗಿ, ಸ್ಪರ್ಧೆಗೆ ಕಳಿಸುವಷ್ಟು ಚೆನ್ನಾಗಿದ್ದವು. ಅಳುವ ಅಪ್ಪನನ್ನು ಗೋಡೆಗೆ ತೂಗುಹಾಕುವ ಮಗ ಯಾರು? ಅವರು ನೆಟ್ಟಗೆ ಕುಳಿತು ನಮ್ಮತ್ತ ನೋಡುತ್ತಿರುವ ಚಿತ್ರ ಆ ಆರುನೂರರಲ್ಲಿ ಒಂದೂ ಇರಲಿಲ್ಲ. ಒಂದು ನಿಮಿಷ ಅವರ ಎದುರಿಗೆ ನಿಂತು, ‘ಇಲ್ಲಿ ನೋಡಿ’ ಎಂದು ಹೇಳುವ ಕೆಲಸ ಯಾರಿಂದಲೂ ಆಗಿರಲಿಲ್ಲ. ಕೊನೆಗೆ ಮತದಾರರ ಗುರುತಿನ ಚೀಟಿಯ ಚಿತ್ರವನ್ನೇ ದೊಡ್ಡದು ಮಾಡಿಸಿದರು. ಇವತ್ತಿಗೂ ಆ ಮನೆಯ ಗೋಡೆಯಲ್ಲಿ ಹಾರ ಹಾಕಿಸಿಕೊಂಡಿರುವುದು ಚುನಾವಣೆಯ ಚೀಟಿ.

‘ಅದು ಛಾಯಾಗ್ರಾಹಕನ ತಪ್ಪು ಸಾರ್, ಕ್ಯಾಮೆರಾದ್ದಲ್ಲ. ಎಸ್‌ಎಲ್‌ಆರಿಗೇ ಐವತ್ತು ಮಿಲಿಮೀಟರ್ ಲೆನ್ಸು ಹಾಕಿ, ಪರದೆಗೆ ಟೇಪು ಅಂಟಿಸಿದರೆ ನೀವು ಹೇಳಿದ್ದೆಲ್ಲ ಆಗುತ್ತದೆ’ ಎಂದು ನನ್ನ ಸಾಫ್ಟ್‌ವೇರ್ ಶಿಷ್ಯ ವಾದಿಸಿದ. ಬುದ್ಧಿವಂತ. ಆಗುತ್ತದೆ, ಖಂಡಿತ ಆಗುತ್ತದೆ. ಬಫೆ ಊಟದಲ್ಲೂ ಎರಡೇ ಪದಾರ್ಥ ಬಡಿಸಿಕೊಂಡು, ಒಂದೆಡೆ ಕುಳಿತು, ಅಗಿದು ನುಂಗಿ ಊಟ ಮಾಡಬಹುದು. ಎಷ್ಟು ಜನ ಮಾಡುತ್ತಾರೆ? ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತವನು ಪಕ್ಕದವನ ಊಟ ಮುಗಿಯುವವರೆಗೆ ಏಳುವುದಿಲ್ಲ. ಅವನು ನಿಮಗಿಂತ ಸಜ್ಜನ ಎಂದಲ್ಲ, ಕುಳಿತ ರೀತಿಯೇ ಹಾಗಿದೆ. ಉಪಕರಣಗಳಿಗೂ ಒಂದು ಒಲವಿರುತ್ತದೆ. ಜೂಮ್ ಲೆನ್ಸು ‘ನೀನು ಏಳಬೇಡ, ಅಲ್ಲೇ ಇರು’ ಎನ್ನುತ್ತದೆ. ಸೆಕೆಂಡಿಗೆ ಐದಾರು ಚಿತ್ರ ಹೊಡೆಯುವ ಸೌಲಭ್ಯ ‘ಈಗ ಆರಿಸಬೇಡ, ಮನೆಗೆ ಹೋಗಿ ಆರಿಸಿದರಾಯಿತು’ ಎನ್ನುತ್ತದೆ. ಮನೆಗೆ ಹೋಗಿ ಯಾರೂ ಆರಿಸುವುದಿಲ್ಲ ಎಂಬುದು ಬೇರೆ ಮಾತು.

ಯಾಶಿಕಾಕ್ಕೆ ಜೂಮಿಲ್ಲ. ನಲವತ್ತೈದು ಮಿಲಿಮೀಟರಿನ ಒಂದೇ ಲೆನ್ಸು, ಅದೂ ತೆಗೆಯಲು ಬಾರದಂತೆ ಕೂತಿದೆ. ಮುಖ ಬೇಕೆಂದರೆ ಎದ್ದು, ಚಪ್ಪಲಿ ಬಿಟ್ಟು, ಜಗಲಿ ಹತ್ತಿ, ಒಂದು ಮಾರು ದೂರಕ್ಕೆ ಹೋಗಬೇಕು. ಅಷ್ಟು ಹತ್ತಿರ ಹೋದ ಮೇಲೆ ಮಾತಾಡಿಸದೆ ಇರಲಾಗುತ್ತದೆಯೆ? ‘ಮಂಡಿ ಹೇಗಿದೆ ಅತ್ತೆ, ಮಗ ಫೋನು ಮಾಡಿದ್ದನೇ’ ಎಂದು ಕೇಳಬೇಕಾಗುತ್ತದೆ. ಎರಡು ಮೂಗುಗಳನ್ನು ಒಂದು ಮಾಡುವಷ್ಟು ಹೊತ್ತು ಅವರು ನಮ್ಮನ್ನು ನೋಡುತ್ತಾರೆ, ನಾವು ಅವರನ್ನು ನೋಡುತ್ತೇವೆ. ಆಮೇಲೆ ಎಲೆಯೊಂದು ಬಿದ್ದಷ್ಟೇ ಸದ್ದು. ಹಿಂದೆ ನೋಡಲು ಪರದೆಯಿಲ್ಲ, ಆದ್ದರಿಂದ ಮಾತು ನಿಲ್ಲುವುದಿಲ್ಲ.

ಫ್ರಾನ್ಸಿನ ಕಾರ್ಟಿಯೇ-ಬ್ರೆಸಾನ್ ಹೆಸರನ್ನು ಕೆಲವರು ನನ್ನ ಮೇಲೆ ಎಸೆಯುವುದುಂಟು. ಅವನೂ ಲೈಕಾ ರೇಂಜ್‌ಫೈಂಡರ್ ಹಿಡಿದವನೇ, ಹೊಳೆಯುವ ಭಾಗಗಳಿಗೆ ಕಪ್ಪು ಪಟ್ಟಿ ಅಂಟಿಸಿಕೊಂಡು ಜನರಿಗೆ ತಿಳಿಯದಂತೆ ತೆಗೆದವನು, ಅದು ಮರೆಯಲ್ಲವೇ ಎಂದು. ಅರ್ಧ ನಿಜ. ರೇಂಜ್‌ಫೈಂಡರ್ ಹಿಡಿದವರೆಲ್ಲ ಋಷಿಗಳೆಂದು ನಾನೆಂದೂ ಹೇಳಿಲ್ಲ. ಆದರೆ ಅವನ ಐವತ್ತು ಮಿಲಿಮೀಟರ್ ಲೆನ್ಸಿಗೆ ಮುಖ ಸಿಗಬೇಕಾದರೆ ಅವನು ಆ ಗುಂಪಿನೊಳಗೇ, ಬೈಗುಳ ಕೇಳಿಸುವಷ್ಟು ಹತ್ತಿರದಲ್ಲಿ ನಿಂತಿರಬೇಕಿತ್ತು. 1948ರ ಜನವರಿ 30ರಂದು ಗಾಂಧೀಜಿಯವರನ್ನು ಕಂಡು ಹೊರಬಂದವನಿಗೆ ಸ್ವಲ್ಪ ಹೊತ್ತಿನಲ್ಲೇ ಕೊಲೆಯ ಸುದ್ದಿ ತಲುಪಿತು. ಆ ಸಂಜೆ ಬಿರ್ಲಾ ಭವನದ ಗೇಟಿನ ಬಳಿ ನೆಹರೂ ಜನರಿಗೆ ಆ ಸಾವನ್ನು ತಿಳಿಸುತ್ತಿರುವ ಅವನ ಚಿತ್ರವನ್ನು ನೀವೂ ನೋಡಿದ್ದೀರಿ. ದೀಪದ ಮಂದ ಬೆಳಕು, ಮಸುಕು ಮಸುಕು. ಸ್ಪಷ್ಟತೆ ಸಾಲದು ಎಂದು ಆ ಚಿತ್ರವನ್ನು ಯಾರಾದರೂ ತಳ್ಳಿಹಾಕಿದ್ದಾರೆಯೆ?

ಇನ್ನು ಇನ್ನೊಂದು ಪಂಗಡದವರೊಂದಿಗೂ ನನ್ನ ಜಗಳವಿದೆ. ನಾನು ರೇಂಜ್‌ಫೈಂಡರ್ ಎಂದ ಕೂಡಲೇ ನನ್ನನ್ನು ತಮ್ಮವನೆಂದುಕೊಂಡು ಅಪ್ಪಿಕೊಳ್ಳಲು ಬರುವವರು. 2006ರಲ್ಲಿ ಲೈಕಾ ಎಂ8 ಬಂದ ಮೇಲೆ ಡಿಜಿಟಲ್ ರೇಂಜ್‌ಫೈಂಡರ್ ಹೊಂದುವುದು ಸಿರಿವಂತರಲ್ಲಿ ಒಂದು ಒಡವೆಯಾಗಿದೆ. ಇಂದಿನ ಎಂ11ರ ಬರೀ ಒಡಲಿಗೆ ಹಲವು ಲಕ್ಷ ರೂಪಾಯಿ, ಲೆನ್ಸಿಗೆ ಮತ್ತೆ ಲಕ್ಷಗಳು. ನಮ್ಮ ಬಂಧುವೊಬ್ಬರ ಮನೆಯಲ್ಲಿ ಅದು ಗಾಜಿನ ಬೀರುವಿನೊಳಗೆ, ತೇವ ಹೀರುವ ಪೊಟ್ಟಣದೊಂದಿಗೆ, ಪೂಜೆಯಿಲ್ಲದ ದೇವರಂತೆ ಕೂತಿದೆ. ಅದರ ಹಿತ್ತಾಳೆಯ ಬಣ್ಣ, ಜರ್ಮನ್ ಕುಸುರಿ ಎಂದು ಒಂದು ಗಂಟೆ ಮಾತಾಡಿದರು. ನಿಮ್ಮ ತಾಯಿಯವರ ಚಿತ್ರ ತೆಗೆದಿದ್ದೀರಾ ಎಂದು ಕೇಳಿದೆ. ಅದಕ್ಕೆ ಮೊಬೈಲ್ ಇದೆಯಲ್ಲ ಎಂದರು.

ಕಾಲದ ವ್ಯಂಗ್ಯವನ್ನೂ ಹೇಳಬೇಕು. ನಾನು ಯಾವ ಕನ್ನಡಿಯೊಂದಿಗೆ ಜಗಳಕ್ಕೆ ನಿಂತೆನೋ ಆ ಕನ್ನಡಿಯೇ ಈಗ ಮಾಯವಾಗುತ್ತಿದೆ. 2020ರ ಈಚೆಗೆ ಕ್ಯಾನನ್, ನಿಕಾನ್ ಕಂಪನಿಗಳೂ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಕಡೆಗೇ ವಾಲಿವೆ. ಕಿಂಡಿಯ ಕತ್ತಲು ನೀಗಿತು, ಒಳ್ಳೆಯದೇ. ಆದರೆ ಸೆಕೆಂಡಿಗೆ ಐದಾರಿದ್ದದ್ದು ಇಪ್ಪತ್ತು, ಮೂವತ್ತಾಗಿದೆ. ಗಂಟೆಯವರು ಕಣ್ಣೊರೆಸಿಕೊಳ್ಳುವ ಚಿತ್ರಗಳು ಹದಿನಾಲ್ಕರ ಬದಲು ಎಂಬತ್ತಾಗುತ್ತಿದ್ದವು.

ಖರ್ಚಿನ ವಿಷಯಕ್ಕೆ ಬರುತ್ತೇನೆ, ಅಣ್ಣನ ಸೊಸೆಗೆ ಆತಂಕವಿದೆಯಲ್ಲ. ಈ ಸಲ ತರಿಸಿದ ಮೂವತ್ತಾರು ಚಿತ್ರಗಳ ಬಣ್ಣದ ರೀಲಿಗೆ ಸಾವಿರ ರೂಪಾಯಿಯ ಮೇಲಾಯಿತು. ತೊಳೆಸಿ, ಸ್ಕ್ಯಾನ್ ಮಾಡಿಸಿ, ಬೆಂಗಳೂರಿಗೆ ಕಳಿಸಿ ತರಿಸುವುದಕ್ಕೆ ಬೇರೆ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ ‘ಇಂದು’ ರೀಲು ನಮ್ಮ ದೇಶದಲ್ಲೇ ತಯಾರಾಗುತ್ತಿದ್ದ ದಿನಗಳು ಮುಗಿದುಹೋಗಿವೆ. ಯಾಶಿಕಾದ ಮೂಲ ಪಾದರಸದ ಬ್ಯಾಟರಿಯೂ ಈಗ ಸಿಗುವುದಿಲ್ಲ, ಬದಲಿ ಸೆಲ್ಲನ್ನು ಒಂದು ಕೊಳವೆಯಲ್ಲಿ ಕೂರಿಸಿ ಹಾಕುತ್ತೇನೆ. ಸೆಲ್ಲು ಸತ್ತರೆ ಶಟರ್ ಒಂದೇ ವೇಗದಲ್ಲಿ, ಸೆಕೆಂಡಿನ ಐನೂರರಲ್ಲೊಂದು ಭಾಗದಲ್ಲಿ ಓಡುತ್ತದೆ, ಬಿಸಿಲಿದ್ದರೆ ಅದೂ ಸಾಕು. ದುಬಾರಿಯೇ, ಅಲ್ಲವೆನ್ನುವುದಿಲ್ಲ. ತಿಂಗಳಿಗೆ ಒಂದು ರೀಲು ಮುಗಿಸುವುದೇ ಕಷ್ಟ ಎಂಬುದೊಂದು ಅನುಕೂಲ. ಹಿಂದಿನ ಎಸ್‌ಎಲ್‌ಆರಿನಲ್ಲಿ ಒಂದು ಗೃಹಪ್ರವೇಶಕ್ಕೇ ಎಂಟುನೂರು ಬರುತ್ತಿದ್ದವು, ಒಂದೂ ಕಾಗದಕ್ಕೆ ಇಳಿಯುತ್ತಿರಲಿಲ್ಲ. ಈಗ ಮೂವತ್ತಾರರಲ್ಲಿ ಮೂವತ್ತಾದರೂ ಅಚ್ಚಾಗಿ ಯಾರದೋ ಕೈ ಸೇರುತ್ತವೆ. ಕಳೆದ ತಿಂಗಳು ಹಾಸ್ಟೆಲಿನ ಹಳೆಯ ಅಡುಗೆಯವರ ಚಿತ್ರ ತೆಗೆಯಲು ಹೋದಾಗ ಅವರು ‘ಸ್ವಲ್ಪ ಇರಿ’ ಎಂದು ಒಳಗೆ ಹೋಗಿ, ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು ಬಂದರು. ಮುಕ್ಕಾಲು ಗಂಟೆ ಕಾದೆ. ಒಂದೇ ಚಿತ್ರ ತೆಗೆದೆ. ಅವರು ಅಂದು ತೆಗೆಸಿಕೊಂಡರು.

ಆದ್ದರಿಂದ, ಬರುವ ಬೇಸಿಗೆ ರಜೆಯಲ್ಲಿ ಗುರುವಂದನೆ ಇಟ್ಟುಕೊಂಡಿರುವ ನಮ್ಮ ಹಳೆಯ ಬ್ಯಾಚಿನವರಿಗೆ ಒಂದು ಮಾತು. ಮೂವರು ಛಾಯಾಗ್ರಾಹಕರು, ಒಂದು ಡ್ರೋನ್, ದೊಡ್ಡ ಪರದೆ ಎಂದು ನಿಮ್ಮ ಆಹ್ವಾನದಲ್ಲಿ ಓದಿದೆ. ಡ್ರೋನಿಗೆ ನಮ್ಮ ಬೋಳುತಲೆಗಳಲ್ಲದೆ ಬೇರೇನೂ ಕಾಣದು, ಅದನ್ನು ಬಿಡಿ. ಆ ಹಣದಲ್ಲಿ ಹತ್ತು ರೀಲು ಬರುತ್ತವೆ. ನಿಮ್ಮಲ್ಲಿ ಯಾರ ತಂದೆತಾಯಿ ಊರಲ್ಲೇ ಇದ್ದಾರೋ ಅವರನ್ನು ಬೆಳಿಗ್ಗೆ ಒಂಬತ್ತಕ್ಕೆ ಕರೆತನ್ನಿ. ಬಿಸಿಲು ಏರುವ ಮುಂಚೆ ಶಾಲೆಯ ಪೂರ್ವದ ವರಾಂಡದಲ್ಲಿ ಬೆಳಕು ಚೆನ್ನಾಗಿರುತ್ತದೆ. ಕಾರ್ಯಾಲಯದ ತೋಳಿನ ಕುರ್ಚಿಯನ್ನು ಅಲ್ಲಿ ಹಾಕಿಸಿರಿ, ಒಂದು ಕನ್ನಡಿ, ಬಾಚಣಿಗೆಯೂ ಇರಲಿ. ಯಾರು ಯಾವ ಸೀರೆ ಉಡಬೇಕು, ಕನ್ನಡಕ ಹಾಕಬೇಕೇ ತೆಗೆಯಬೇಕೇ ಎಂಬುದನ್ನು ಅವರೇ ತೀರ್ಮಾನಿಸಲಿ, ನೀವು ಬಾಯಿ ಹಾಕಬೇಡಿ. ಪ್ರತಿಗಳು ಮೂರು ವಾರದಲ್ಲಿ ಅಂಚೆಯಲ್ಲಿ ಬರುತ್ತವೆ, ಪಿನ್ ಕೋಡ್ ಸಹಿತ ವಿಳಾಸ ಬರೆದುಕೊಡಿ.